ಹೊಸ ಬ್ರ್ಯಾಂಡ್ ಬರ್ಲಿ, ಆದ್ರೆ ಅದರ ವಿಮಾನ ಯಾರು ಓಡಿಸ್ತಾರೆ ಅಂತ ಮೊದ್ಲು ಬರ್ಕೊಡಿ

ದೊಡ್ಡ ಏರ್‌ಲೈನ್ ಒಂದು ತನ್ನದೇ ಲೋ-ಕಾಸ್ಟ್ ಕಂಪನಿ ಶುರು ಮಾಡ್ತೀನಿ ಅಂತ ಹೇಳಿದ ತಕ್ಷಣ ಹೊರಗಿನವರ ಕಣ್ಣಿಗೆ ಬೀಳೋದು ಹೊಸ ಹೆಸರು, ಹೊಸ ಬಣ್ಣ, ಹೊಸ ಯೂನಿಫಾರ್ಮು, ಅಗ್ಗದ ಟಿಕೆಟ್ಟು. ಒಳಗಿರೋ ನೌಕರರು ಮುಖ ಸಪ್ಪಗೆ ಮಾಡ್ಕೊಂಡ್ರೆ, ಯೂನಿಯನ್‌ನೋರು ಸ್ಟ್ರೈಕ್ ಮಾತೆತ್ತಿದ್ರೆ, ಜನ ಹೇಳೋದು ಒಂದೇ, ಇವ್ರಿಗೆ ಬದಲಾವಣೆ ಅಂದ್ರೆ ಆಗಲ್ಲ, ದೊಡ್ಡ ಸಂಬಳ ತಗೊಂಡು ಅಭ್ಯಾಸ ಆಗಿದೆ, ಈಗ ಕಾಂಪಿಟಿಷನ್ ಬಂತು ಅಂತ ಒದ್ದಾಡ್ತಿದಾರೆ ಅಂತ. ಈ ಮಾತು ಕೇಳಿದಾಗ್ಲೆಲ್ಲ ನಂಗೆ ಬೇಜಾರಾಗುತ್ತೆ. ನಾನು ಒಂದು ಏರ್‌ಲೈನ್‌ನ ಕ್ರ್ಯೂ ರೋಸ್ಟರ್ ವಿಭಾಗದಲ್ಲಿ ವರ್ಷಾನುಗಟ್ಟಲೆ ಕೂತು ಕೆಲಸ ಮಾಡಿದೋಳು, ಯಾರು ಯಾವ ಫ್ಲೈಟಿಗೆ ಹೋಗ್ತಾರೆ, ಯಾರಿಗೆ ಯಾವತ್ತು ರಜೆ ಅನ್ನೋ ಲೆಕ್ಕ ನೋಡ್ಕೊಂಡೇ ಇದ್ದೋಳು, ನಮ್ಮ ಕಂಪನಿನೂ ಹೀಗೇ ಒಂದು ಅಗ್ಗದ ಕಂಪನಿ ಹುಟ್ಟುಹಾಕಿದಾಗ ಒಳಗೇ ಇದ್ದೆ. ಆ ನೌಕರರ ಭಯ ಸೋಮಾರಿತನದ್ದಲ್ಲ. ಅದಕ್ಕೆ ಗಟ್ಟಿ ಕಾರಣ ಇದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಪೋಸ್ಟ್ ಉದ್ದ ಆಗುತ್ತೆ, ತಾಳ್ಮೆ ಇದ್ದೋರು ಓದಿ.

ಮೊದಲು ಸೀನಿಯಾರಿಟಿ ಅನ್ನೋದು ಏನು ಅಂತ ಗೊತ್ತಾಗ್ಬೇಕು. ಐಟಿ ಕಂಪನಿಲಿ ಹತ್ತು ವರ್ಷ ದುಡಿದೋರು ಇನ್ನೊಂದು ಕಂಪನಿಗೆ ಹೋದ್ರೆ ಸಂಬಳ ಜಾಸ್ತಿ ಸಿಗುತ್ತೆ. ಬಹಳಷ್ಟು ಏರ್‌ಲೈನ್‌ಗಳಲ್ಲಿ ಪೈಲಟ್‌ಗಳ ಕಥೆ ಇದಕ್ಕೆ ಉಲ್ಟಾ. ಸೇರಿದ ತಾರೀಖಿನ ಪ್ರಕಾರ ಒಂದು ಪಟ್ಟಿ ಇರುತ್ತೆ, ಆ ಪಟ್ಟಿಲಿ ನಿಮ್ಮ ನಂಬರ್ ಎಷ್ಟು ಅನ್ನೋದರ ಮೇಲೆ ಯಾವ ವಿಮಾನ, ಯಾವ ಬೇಸ್ (ಅಂದ್ರೆ ಯಾವ ಊರಿಂದ ಡ್ಯೂಟಿ ಶುರು), ಕ್ಯಾಪ್ಟನ್ ಆಗೋದು ಯಾವಾಗ, ಮಕ್ಕಳ ಶಾಲೆಗೆ ರಜೆ ಇದ್ದಾಗ ನಿಮಗೂ ರಜೆ ಸಿಗುತ್ತಾ, ಕಂಪನಿ ಜನ ಕಡಿಮೆ ಮಾಡಿದ್ರೆ ಮೊದಲು ಹೋಗೋರು ಯಾರು, ಎಲ್ಲಾ ಅದರ ಮೇಲೇ. ಬೇರೆ ಕಂಪನಿಗೆ ಹೋದ್ರೆ ಅಲ್ಲಿನ ಪಟ್ಟಿಯ ಕೊನೆಯಿಂದ ಶುರು. ಅಂದ್ರೆ ಇಪ್ಪತ್ತು ವರ್ಷ ದುಡಿದು ಸಂಪಾದಿಸಿದ್ದು ಆ ಒಂದು ನಂಬರ್ರು, ಅದನ್ನ ಬೇರೆಲ್ಲೂ ತಗೊಂಡು ಹೋಗೋಕಾಗಲ್ಲ. ಕ್ಯಾಬಿನ್ ಕ್ರ್ಯೂಗೂ ಎಷ್ಟೋ ಕಡೆ ಹೀಗೇ. ಈಗ ಮ್ಯಾನೇಜ್‌ಮೆಂಟ್ ಪಕ್ಕದಲ್ಲೇ ಇನ್ನೊಂದು ಕಂಪನಿ ತೆಗೆದು ಅದಕ್ಕೆ ಬೇರೆ ಪಟ್ಟಿ ಮಾಡಿದ್ರೆ ಏನಾಗುತ್ತೆ? ಮುಂದೆ ಬರೋ ಹೊಸ ವಿಮಾನಗಳು ಆ ಕಡೆ ಹೋದ್ರೆ ಈ ಕಡೆ ಪಟ್ಟಿ ನಿಂತಲ್ಲೇ ನಿಲ್ಲುತ್ತೆ. ಯಾರನ್ನೂ ಕೆಲಸದಿಂದ ತೆಗೆಯೋದೇ ಬೇಡ, ಒಬ್ಬ ಫಸ್ಟ್ ಆಫೀಸರ್, ಅಂದ್ರೆ ಕೋ-ಪೈಲಟ್, ಇನ್ನೂ ಹತ್ತು ವರ್ಷ ಫಸ್ಟ್ ಆಫೀಸರ್ ಆಗೇ ಉಳೀತಾರೆ ಅಷ್ಟೇ. ಹೊರಗಿನವರಿಗೆ ಇದು ಕಾಣಲ್ಲ, ನ್ಯೂಸಲ್ಲೂ ಬರಲ್ಲ.

ಇನ್ನು ಅಗ್ಗ ಅನ್ನೋದು ಎಲ್ಲಿಂದ ಬರುತ್ತೆ ನೋಡಿ. ನಿಜವಾದ ಲೋ-ಕಾಸ್ಟ್ ಏರ್‌ಲೈನ್ ಒಂದೇ ಜಾತಿ ವಿಮಾನ ಇಟ್ಕೊಳ್ಳುತ್ತೆ, ಇಳಿದ ವಿಮಾನನ ಅರ್ಧ ಗಂಟೆಯೊಳಗೆ ವಾಪಸ್ ಎಬ್ಬಿಸುತ್ತೆ, ಸೀಟು ಒತ್ತೊತ್ತಾಗಿ ಹಾಕುತ್ತೆ, ಬ್ಯಾಗಿಗೆ ಊಟಕ್ಕೆ ಬೇರೆ ದುಡ್ಡು. ಇದನ್ನೆಲ್ಲ ದೊಡ್ಡ ಕಂಪನಿ ತನ್ನ ಹೆಸರಲ್ಲೇ ಮಾಡ್ಬಹುದು, ಬಹಳ ಕಡೆ ಮಾಡ್ತಾನೂ ಇದಾರೆ, ಬರೀ ಕೈಚೀಲದ ಟಿಕೆಟ್ಟು ಈಗ ದೊಡ್ಡ ದೊಡ್ಡ ಏರ್‌ಲೈನ್‌ಗಳಲ್ಲೂ ಇದೆ. ಇಂಧನದ ಬೆಲೆ ಇಬ್ಬರಿಗೂ ಒಂದೇ, ಬೋಯಿಂಗ್ ಏರ್‌ಬಸ್‌ನೋರು ತಂಗಿ ಕಂಪನಿ ಅಂತ ರಿಯಾಯಿತಿ ಕೊಡಲ್ಲ. ಕ್ರ್ಯೂ ಸಂಖ್ಯೆನೂ ಇಷ್ಟಕ್ಕಿಂತ ಕಡಿಮೆ ಮಾಡೋಹಾಗಿಲ್ಲ, ಹೆಚ್ಚಿನ ದೇಶಗಳಲ್ಲಿ 50 ಸೀಟಿಗೆ ಒಬ್ಬರು ಕ್ಯಾಬಿನ್ ಕ್ರ್ಯೂ ಇರ್ಲೇಬೇಕು ಅಂತ ನಿಯಮ, 180 ಸೀಟಿನ ಎ320ಗೆ ನಾಲ್ಕು ಜನ ಬೇಕೇ ಬೇಕು. ಪೈಲಟ್ ವರ್ಷಕ್ಕೆ 900ರಿಂದ 1000 ಗಂಟೆ ಮೇಲೆ ಹಾರೋಹಾಗಿಲ್ಲ. ಹಾಗಾದ್ರೆ ಬೇರೆ ಕಂಪನಿನೇ ಯಾಕೆ ಬೇಕು? ಉಳಿಯೋದು ಎರಡೇ, ಆ ನಾಲ್ಕು ಜನಕ್ಕೆ ಕೊಡೋ ಸಂಬಳ ಮತ್ತು ಅವರನ್ನ ಮಿತಿಯ ಅಂಚಿನವರೆಗೂ ದುಡಿಸೋದು. ಬೇರೆ ಹೆಸರಲ್ಲಿ ರಿಜಿಸ್ಟರ್ ಆದ ಕಂಪನಿ ಬೇಕಾಗೋದು ಬಹುಮಟ್ಟಿಗೆ ಬೇರೆ ಕಾಂಟ್ರ್ಯಾಕ್ಟ್ ಬರೆಯೋಕೆ. ನೌಕರರಿಗೆ ಇದು ಮೊದಲ ದಿನವೇ ಗೊತ್ತಾಗುತ್ತೆ, ಅದಕ್ಕೇ ಅವರು ಬಣ್ಣ ನೋಡಿ ಚಪ್ಪಾಳೆ ತಟ್ಟಲ್ಲ.

ಇದು ಬರೀ ಅನುಮಾನ ಅಲ್ಲ, ಇತಿಹಾಸ ನೋಡಿದ್ರೆ ಮ್ಯಾನೇಜ್‌ಮೆಂಟ್‌ಗಳು ಈ ಪಾಠ ಹೇಗೆ ಕಲಿತ್ವು ಅಂತ ಅರ್ಥ ಆಗುತ್ತೆ. ಅಮೆರಿಕದಲ್ಲಿ ಕಾಂಟಿನೆಂಟಲ್ 1993ರಲ್ಲಿ ಕಾಂಟಿನೆಂಟಲ್ ಲೈಟ್ ಅಂತ ಶುರು ಮಾಡ್ತು, 1995ಕ್ಕೆ ಮುಚ್ತು. ಡೆಲ್ಟಾ 2003ರಲ್ಲಿ ಸಾಂಗ್ ಅಂತ ಮಾಡ್ತು, 2006ಕ್ಕೆ ಮುಗೀತು. ಯುನೈಟೆಡ್ 2004ರಲ್ಲಿ ಟೆಡ್ ಅಂತ ಮಾಡ್ತು, 2009ರ ಶುರುವಿಗೇ ಅದೂ ಇಲ್ಲ. ಸಾಂಗು ಟೆಡ್ಡು ಎರಡೂ ಅದೇ ಏರ್‌ಲೈನ್ ವಿಮಾನಗಳು, ಅದೇ ಪೈಲಟ್‌ಗಳು, ಹೊರಗಡೆ ಮಾತ್ರ ಬೇರೆ ಪೇಂಟು. ಖರ್ಚು ದೊಡ್ಡ ಕಂಪನಿದು, ಆದಾಯ ಸಣ್ಣ ಕಂಪನಿದು, ಹೇಗೆ ನಡೆಯುತ್ತೆ? ನಮ್ಮ ದೇಶದಲ್ಲಿ ಜೆಟ್ ಏರ್‌ವೇಸ್ ಜೆಟ್‌ಲೈಟ್, ಜೆಟ್ ಕನೆಕ್ಟ್ ಅಂತ ಹೆಸರು ಮೇಲೆ ಹೆಸರು ತಂದಾಗ್ಲೂ ಪ್ರಯಾಣಿಕರಿಗೆ ಯಾವುದು ಯಾವುದು ಅಂತಾನೇ ಗೊತ್ತಾಗ್ತಿರ್ಲಿಲ್ಲ. ಇದರಿಂದ ಕಂಪನಿಗಳು ಕಲಿತ ಪಾಠ ಏನು ಅಂದ್ರೆ ಪೇಂಟ್ ಬದಲಿಸಿದ್ರೆ ಸಾಲಲ್ಲ, ಜನಾನೂ ಬೇರೆ ಆಗ್ಬೇಕು ಅಂತ.

ಜನ ಬೇರೆ ಮಾಡಿದ ಮೇಲೆ ಏನಾಗುತ್ತೆ ಅನ್ನೋದಕ್ಕೆ ಆಸ್ಟ್ರೇಲಿಯಾದ ಕ್ವಾಂಟಸ್ ಏರ್‌ಲೈನ್ ನೋಡಿ. 2004ರಲ್ಲಿ ಜೆಟ್‌ಸ್ಟಾರ್ ಅನ್ನೋ ಅಗ್ಗದ ಕಂಪನಿ ಶುರು ಮಾಡಿದ್ರು, ಅದು ಚೆನ್ನಾಗೇ ಬೆಳೀತು, ಅದನ್ನ ನಡೆಸ್ತಿದ್ದ ಅಲನ್ ಜಾಯ್ಸ್ 2008ರಲ್ಲಿ ಇಡೀ ಕ್ವಾಂಟಸ್‌ಗೆ ಸಿಇಒ ಆದ್ರು. 2011ರಲ್ಲಿ ಕ್ವಾಂಟಸ್ ಪೈಲಟ್‌ಗಳ ಬೇಡಿಕೆ ಏನಿತ್ತು ಗೊತ್ತಾ, ಕ್ವಾಂಟಸ್ ನಂಬರಿನ ಫ್ಲೈಟನ್ನ ಯಾರೇ ಓಡಿಸ್ಲಿ, ಅವರಿಗೆ ಕ್ವಾಂಟಸ್ ಪೈಲಟ್ ಸಂಬಳ ಮತ್ತು ಷರತ್ತು ಇರ್ಬೇಕು ಅನ್ನೋದು ಅದರಲ್ಲಿ ಮುಖ್ಯವಾದ್ದು. ಇಂಜಿನಿಯರ್‌ಗಳದ್ದು, ಗ್ರೌಂಡ್ ಸ್ಟಾಫ್‌ದು ಬೇರೆ ಬೇಡಿಕೆಗಳಿದ್ವು. ಅಕ್ಟೋಬರ್ 29ರಂದು ಜಾಯ್ಸ್ ಕ್ವಾಂಟಸ್‌ನ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿ ನಿಲ್ಲಿಸಿಬಿಟ್ರು, ಪ್ರಯಾಣಿಕರು ಇದ್ದಬದ್ದ ದೇಶಗಳಲ್ಲಿ ಸಿಕ್ಕಿಹಾಕ್ಕೊಂಡ್ರು. ಆದ್ರೆ ಜೆಟ್‌ಸ್ಟಾರ್ ವಿಮಾನಗಳು ಹಾರ್ತಾನೇ ಇದ್ವು. ಇದನ್ನ ಸ್ವಲ್ಪ ಯೋಚನೆ ಮಾಡಿ. ಒಂದು ಗುಂಪಿನ ನೌಕರರ ಜೊತೆ ಜಗಳ ಆದಾಗ ಇನ್ನೊಂದು ಗುಂಪನ್ನ ಇಟ್ಕೊಂಡು ವ್ಯವಹಾರ ನಡೆಸೋ ಶಕ್ತಿ ಕಂಪನಿಗೆ ಬಂತು. ಒಂದೇ ಮನೇಲಿ ಎರಡು ಒಲೆ ಹೂಡಿದ ಮೇಲೆ ಒಂದು ಒಲೆ ಆರಿಸಿದ್ರೂ ಯಜಮಾನನಿಗೆ ಊಟಕ್ಕೇನೂ ಕೊರತೆ ಇಲ್ಲ.

ಜರ್ಮನಿಯ ಲುಫ್ತಾನ್ಸಾದಲ್ಲಿ ನಡೆದಿದ್ದು ಇಷ್ಟು ಗದ್ದಲದ್ದಲ್ಲ ಆದ್ರೆ ನನ್ನ ಪ್ರಕಾರ ಇನ್ನೂ ಆಳವಾದ್ದು. ಫ್ರಾಂಕ್‌ಫರ್ಟ್, ಮ್ಯೂನಿಕ್ ಬಿಟ್ಟು ಉಳಿದ ಊರುಗಳ ಯುರೋಪ್ ಫ್ಲೈಟ್‌ಗಳನ್ನ 2013ರಿಂದ ಒಂದೊಂದಾಗಿ ಜರ್ಮನ್‌ವಿಂಗ್ಸ್ ಅನ್ನೋ ತನ್ನ ಅಗ್ಗದ ಕಂಪನಿಗೆ ಕೊಟ್ರು, ಆಮೇಲೆ ಅದನ್ನ ಯೂರೋವಿಂಗ್ಸ್ ಮಾಡಿದ್ರು, 2024ರಲ್ಲಿ ಲುಫ್ತಾನ್ಸಾ ಸಿಟಿ ಏರ್‌ಲೈನ್ಸ್ ಅಂತ ಇನ್ನೊಂದು ಬಂತು. ಪ್ರತಿ ಸಲನೂ ಮುಖ್ಯ ಕಂಪನಿಗಿಂತ ಕಡಿಮೆ ಖರ್ಚಿನ ಇನ್ನೊಂದು ಕಂಪನಿ. ಅಲ್ಲಿ ಪೈಲಟ್‌ಗಳು ಮತ್ತೆ ಮತ್ತೆ ಸ್ಟ್ರೈಕ್ ಮಾಡಿದಾಗ ಇಷ್ಟು ಸಂಬಳ ಇದ್ರೂ ಇನ್ನೇನು ಬೇಕು ಇವ್ರಿಗೆ ಅಂತ ಬೈದೋರೇ ಜಾಸ್ತಿ.

ಏರ್ ಫ್ರಾನ್ಸ್ ಕಥೆ ನಂಗೆ ತುಂಬಾ ಮುಖ್ಯ ಅನ್ಸುತ್ತೆ ಯಾಕಂದ್ರೆ ಅದರಲ್ಲಿ ಎರಡೂ ಮುಖ ಇದೆ. 2014ರ ಸೆಪ್ಟೆಂಬರಲ್ಲಿ ಟ್ರಾನ್ಸಾವಿಯಾ ಅನ್ನೋ ತಂಗಿ ಕಂಪನಿನ ಬೇರೆ ದೇಶಗಳಲ್ಲೂ ಬೇಸ್ ಮಾಡಿ ಬೆಳೆಸ್ತೀವಿ ಅಂದಾಗ ಪೈಲಟ್‌ಗಳು ಎರಡು ವಾರ ಸ್ಟ್ರೈಕ್ ಮಾಡಿದ್ರು. ಅವರು ಕೇಳಿದ್ದು 100 ಸೀಟಿಗಿಂತ ದೊಡ್ಡ ವಿಮಾನ ಓಡಿಸೋ ಗುಂಪಿನ ಎಲ್ಲಾ ಪೈಲಟ್‌ಗಳಿಗೂ ಒಂದೇ ಕಾಂಟ್ರ್ಯಾಕ್ಟ್ ಇರ್ಲಿ ಅಂತ. ಬೇರೆ ದೇಶದ ಬೇಸಿನ ಯೋಜನೆ ಬಿದ್ದುಹೋಯ್ತು, ಒಂದೇ ಕಾಂಟ್ರ್ಯಾಕ್ಟ್ ಮಾತ್ರ ಸಿಗ್ಲಿಲ್ಲ. ಮೂರು ವರ್ಷ ಆದ್ಮೇಲೆ 2017ರ ಡಿಸೆಂಬರಲ್ಲಿ ಜೂನ್ ಅಂತ ಇನ್ನೊಂದು ಬ್ರ್ಯಾಂಡ್ ತಂದ್ರು, ಯುವಜನರಿಗೆ ಅಂತ ಪ್ರಚಾರ, ಕ್ರ್ಯೂಗೆ ಶೂ ಬದಲು ಸ್ನೀಕರ್ಸು. ಪೈಲಟ್‌ಗಳು ಏರ್ ಫ್ರಾನ್ಸಿನವರೇ, ಅದೇ ಸಂಬಳಕ್ಕೆ. ಕ್ಯಾಬಿನ್ ಕ್ರ್ಯೂ ಮಾತ್ರ ಹೊಸಬರು, ಕಡಿಮೆ ಸಂಬಳದ ಬೇರೆ ಕಾಂಟ್ರ್ಯಾಕ್ಟು. ಅಂದ್ರೆ ಒಗ್ಗಟ್ಟು ಇದ್ದೋರು ಉಳ್ಕೊಂಡ್ರು, ಇನ್ನೂ ಕೆಲಸಕ್ಕೇ ಸೇರದೇ ಇದ್ದೋರ ತಲೆ ಮೇಲೆ ಅಗ್ಗ ಬಂದು ಕೂತ್ಕೊಳ್ತು. ಒಂದೂವರೆ ವರ್ಷಕ್ಕೆ, 2019ರ ಜೂನ್ ತಿಂಗಳಲ್ಲಿ ಅದು ಮುಗೀತು, ಮುಗಿಸಿದ್ದು ಏರ್ ಫ್ರಾನ್ಸ್ ಗುಂಪಿನ ಸಿಇಒ ಬೆನ್ ಸ್ಮಿತ್, ಏರ್ ಕೆನಡಾ ತನ್ನ ರೂಜ್ ಅನ್ನೋ ಅಗ್ಗದ ಬ್ರ್ಯಾಂಡ್ ಕಟ್ಟಿದಾಗ ಅಲ್ಲಿ ದೊಡ್ಡ ಹುದ್ದೇಲಿ ಇದ್ದ ಮನುಷ್ಯ. ಜೂನ್‌ನ ಕ್ರ್ಯೂನ ಏರ್ ಫ್ರಾನ್ಸ್ ಕಾಂಟ್ರ್ಯಾಕ್ಟಿಗೆ ತಗೊಂಡ್ರು. ಆಗುತ್ತೆ ಅಂತಾಯ್ತಲ್ಲ, ಮನಸ್ಸು ಮಾಡಿದ್ರೆ ಎಲ್ಲರನ್ನೂ ಒಂದೇ ಕಾಂಟ್ರ್ಯಾಕ್ಟಿಗೆ ತರೋಕೆ ಆಗುತ್ತೆ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂತ ಕೂತಿದ್ದ ವಿಷಯಕ್ಕೆ ಬರ್ತೀನಿ. ನಮ್ಮಲ್ಲಿ ಹೊಸ ಕಂಪನಿ ಬಂದಾಗ ಹಳಬರ ಸಿಟ್ಟೆಲ್ಲ ಹೋಗಿದ್ದು ಮ್ಯಾನೇಜ್‌ಮೆಂಟ್ ಕಡೆ ಅಲ್ಲ, ಆ ಹೊಸ ಯೂನಿಫಾರ್ಮ್ ಹಾಕ್ಕೊಂಡು ಬಂದ ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಮಕ್ಕಳ ಕಡೆ. ಕ್ರ್ಯೂ ಬಸ್ಸಲ್ಲಿ ಅವರ ಪಕ್ಕ ಕೂರ್ತಿರ್ಲಿಲ್ಲ, ಟ್ರೈನಿಂಗ್ ಸೆಂಟರಲ್ಲಿ ಅವರು ಏನಾದ್ರೂ ಕೇಳಿದ್ರೆ ಅರ್ಧ ಉತ್ತರ ಕೊಡ್ತಿದ್ರು, ಇವ್ರೇನು ಕ್ರ್ಯೂನಾ, ಬಸ್ ಕಂಡಕ್ಟರ್ ಅಂತ ಹಿಂದಿಂದ ಮಾತಾಡ್ತಿದ್ರು (ಬಸ್ ಕಂಡಕ್ಟರ್ ಕೆಲಸ ಯಾಕೆ ಕೀಳು ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ). ಆ ಮಕ್ಕಳು ಕಡಿಮೆ ಸಂಬಳಕ್ಕೆ ಬಂದಿದ್ದು ನಿಜ, ಆದ್ರೆ ಅವರಿಗೆ ಆ ಕಂಪನಿ ಬಿಟ್ಟು ಬೇರೆ ಬಾಗಿಲು ತೆಗೆದಿರ್ಲಿಲ್ಲ, ಅವರಲ್ಲಿ ಪೈಲಟ್ ಆಗಿ ಬಂದೋರಿಗೆ ಟ್ರೈನಿಂಗ್‌ಗೆ ಅಂತ ಮಾಡಿದ ಸಾಲ ಹೆಗಲ ಮೇಲಿತ್ತು. ಹೊಗೆ ತುಂಬಿದ ಕ್ಯಾಬಿನ್ನಿಂದ ಜನರನ್ನ 90 ಸೆಕೆಂಡಲ್ಲಿ ಹೊರಗೆ ಹಾಕೋ ಡ್ರಿಲ್ ಅವರೂ ಮಾಡ್ತಾರೆ, ಪರೀಕ್ಷೆ ಅದೇ, ಲೈಸೆನ್ಸ್ ಅದೇ. ನೀವು ಅವರನ್ನ ದೂರ ಇಟ್ಟಷ್ಟೂ ಅವರಿಗೆ ನಿಮ್ಮ ಯೂನಿಯನ್ ಬೇಡ ಅನ್ಸುತ್ತೆ, ನಿಮ್ಮ ಸ್ಟ್ರೈಕ್ ದಿನ ಅವರು ಖುಷಿಯಾಗೇ ಕೆಲಸಕ್ಕೆ ಬರ್ತಾರೆ. ಮ್ಯಾನೇಜ್‌ಮೆಂಟಿಗೆ ಇದಕ್ಕಿಂತ ಒಳ್ಳೇದು ಇನ್ನೇನು ಬೇಕು ಹೇಳಿ.

ಮತ್ತೆ ಇವತ್ತಿನ ಹೊಸಬರು ನಾಳೆ ಹಳಬರಾಗ್ತಾರೆ. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2005ರಲ್ಲಿ ಶುರುವಾದಾಗ ಅದೇ ಅಗ್ಗದ ತಂಗಿ ಕಂಪನಿ. 2024ರ ಮೇ ತಿಂಗಳಲ್ಲಿ ಅದಕ್ಕೆ ಇನ್ನೊಂದು ಲೋ-ಕಾಸ್ಟ್ ಕಂಪನಿನ ಸೇರಿಸೋ ಕೆಲಸ ನಡೀತಿದ್ದಾಗ ಕ್ಯಾಬಿನ್ ಕ್ರ್ಯೂ ಗುಂಪಾಗಿ ಸಿಕ್ ಲೀವ್ ಹಾಕಿದ್ರು, ಫ್ಲೈಟ್‌ಗಳು ಕ್ಯಾನ್ಸಲ್ ಆದ್ವು, ಕಂಪನಿ ಕೆಲವರನ್ನ ತೆಗೆದುಹಾಕ್ತು, ಕಾರ್ಮಿಕ ಆಯುಕ್ತರ ಮುಂದೆ ಮಾತುಕತೆ ಆಗಿ ವಾಪಸ್ ತಗೊಂಡ್ರು. ಹತ್ತೊಂಬತ್ತು ವರ್ಷ ಕಳೆದ ಮೇಲೆ ಆ ಅಗ್ಗದ ಕಂಪನಿಯವರೂ ಕೇಳ್ತಿದ್ದಿದ್ದು ಸಂಬಳ, ಸೀನಿಯಾರಿಟಿ, ಮರ್ಯಾದೆ ವಿಷಯಾನೇ. ಇನ್ನೊಂದು ಮಾತು, ಜನ ಹಳಬರಾದಂಗೆ ಸಂಬಳ ಏರುತ್ತೆ, ಮೊದಲ ವರ್ಷ ಇದ್ದ ಅಗ್ಗ ಹತ್ತು ವರ್ಷಕ್ಕೆ ಕರಗುತ್ತೆ, ಆಗ ಇನ್ನೊಂದು ಹೊಸ ಬ್ರ್ಯಾಂಡ್ ಬರುತ್ತೆ.

ಹಾಗಂತ ಲೋ-ಕಾಸ್ಟ್ ಕಂಪನಿ ಬೇಡವೇ ಬೇಡ ಅಂತ ಹಠ ಹಿಡೀಬೇಕು ಅಂತ ನಾನು ಹೇಳ್ತಿಲ್ಲ. ಪ್ರತಿಸ್ಪರ್ಧಿಗಳು ಅಗ್ಗದಲ್ಲಿ ಹಾರ್ತಿರೋವಾಗ ಸುಮ್ನೆ ಕೂತ ಕಂಪನಿಗಳು ಮುಳುಗಿರೋದನ್ನ ನಾವೇ ನೋಡಿದೀವಿ, ಮುಳುಗಿದಾಗ ಸಂಬಳ ಸಿಗದೆ ಬೀದಿಗೆ ಬಂದೋರು ನೌಕರರೇ. ಕೇಳ್ಬೇಕಾದ್ದು ಬೇರೆ. ಒಂದೇ ಸೀನಿಯಾರಿಟಿ ಪಟ್ಟಿ ಇರ್ಲಿ, ಏರ್ ಕೆನಡಾ ರೂಜ್ ಪೈಲಟ್‌ಗಳಿಗೆ ಕಡಿಮೆ ರೇಟ್ ಇದ್ರೂ ಅವರು ಏರ್ ಕೆನಡಾ ಪಟ್ಟಿಲೇ ಇದ್ರು, ಅಲ್ಲಿಂದ ಇಲ್ಲಿಗೆ ಬರೋ ದಾರಿ ತೆರೆದಿತ್ತು, ಅದು ಸಣ್ಣ ವಿಷಯ ಅಲ್ಲ. ಹೊಸ ಕಂಪನಿಗೆ ಎಷ್ಟು ವಿಮಾನ, ಯಾವ ಗಾತ್ರದ್ದು, ನಮ್ಮ ಯಾವ ರೂಟ್ ಮುಟ್ಟೋಹಾಗಿಲ್ಲ ಅನ್ನೋದು ಅಂಕಿ ಸಮೇತ ಅಗ್ರಿಮೆಂಟಲ್ಲಿ ಬರ್ಲಿ. ಯಾಕಂದ್ರೆ ನೌಕರರನ್ನೆಲ್ಲ ಸೇರಿಸಿ ಮಾಡೋ ಟೌನ್‌ಹಾಲ್ ಮೀಟಿಂಗಲ್ಲಿ ನಿಮ್ಮ ಕೆಲಸಕ್ಕೆ ಏನೂ ತೊಂದ್ರೆ ಇಲ್ಲ ಅಂತ ಹೇಳೋ ದೊಡ್ಡ ಸಾಹೇಬ್ರು ಎರಡು ವರ್ಷಕ್ಕೆ ಬೇರೆ ಕಂಪನಿಗೆ ಹೋಗಿರ್ತಾರೆ, ಅವರ ಬಾಯಿಮಾತು ಅವರ ಜೊತೆನೇ ಹೋಗುತ್ತೆ. ಮಾರಾಟ ಆದ್ರೆ ಏನು ಅಂತಾನೂ ಕೇಳಿ. ಬ್ರಿಟಿಷ್ ಏರ್‌ವೇಸ್ 1998ರಲ್ಲಿ ಗೋ ಅಂತ ಶುರು ಮಾಡಿ 2001ರಲ್ಲಿ ಮಾರಿಬಿಡ್ತು, ಮರುವರ್ಷವೇ ಅದನ್ನ ಕೊಂಡ್ಕೊಂಡಿದ್ದು ಈಸಿಜೆಟ್, ಅಂದ್ರೆ ಯಾರ ವಿರುದ್ಧ ಅಂತ ಹುಟ್ಟುಹಾಕಿದ್ರೋ ಅವರ ಕೈಗೇ ಹೋಯ್ತು. ನೆದರ್‌ಲ್ಯಾಂಡ್ಸ್‌ನ ಕೆಎಲ್‌ಎಂ ಏರ್‌ಲೈನ್ ನಡೆಸ್ತಿದ್ದ ಅಗ್ಗದ ಕಂಪನಿ ಬಝ್ 2003ರಲ್ಲಿ ರಯಾನ್‌ಏರ್ ಅನ್ನೋ ಇನ್ನೊಂದು ಲೋ-ಕಾಸ್ಟ್ ಏರ್‌ಲೈನ್ ಪಾಲಾಯ್ತು.

ಈಗ ಇಂಥ ಘೋಷಣೆ ಕೇಳ್ಕೊಂಡು ಕೂತಿರೋ ನೌಕರರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಕೆಲಸ ಮೊದಲು ಮಾಡಿ, ಹೊಸ ಕಂಪನಿಗೆ ಸೇರೋರಿಗೂ ನಿಮ್ಮ ಯೂನಿಯನ್ ಮೆಂಬರ್‌ಶಿಪ್ ಮೊದಲ ದಿನದಿಂದಲೇ ಸಿಗೋಹಾಗೆ ಬೈಲಾ ತಿದ್ದಿ. ಅವರ ಸಂಬಳದ ಮಾತುಕತೆಗೂ ನೀವೇ ಕೂತ್ಕೊಳ್ಳಿ. ಇದನ್ನೆಲ್ಲ ಮೊದಲ ಬ್ಯಾಚಿನ ಟ್ರೈನಿಂಗ್ ಶುರುವಾಗೋ ಮುಂಚೆ ಮುಗಿಸ್ಬೇಕು. ವಿಮಾನ ಹಾರೋಕೆ ಶುರುವಾಗಿ, ಟಿಕೆಟ್ ಮಾರಿ, ಅವರದ್ದೇ ಒಂದು ಪಟ್ಟಿ ಬೆಳೆದ ಮೇಲೆ ಎರಡು ಪಟ್ಟಿನ ಒಂದು ಮಾಡೋದು ಅಂದ್ರೆ ಯಾರಾದ್ರೂ ಒಬ್ಬರ ನಂಬರ್ ಕೆಳಗೆ ಹೋಗ್ಲೇಬೇಕು, ಆಗ ಎರಡು ಕಡೆಯ ನೌಕರರೂ ಬೇಡ ಅಂತಾರೆ, ಮ್ಯಾನೇಜ್‌ಮೆಂಟ್ ಏನೂ ಮಾಡ್ಬೇಕಾಗೇ ಇಲ್ಲ.