ಗಾಳದ ಕೋಲಿಗೆ ಫಿನಿಶ್ ತೆಳುವಾಗಿರಲಿ

ಅಮೆರಿಕದ ಮಿಶಿಗನ್‌ನಲ್ಲಿ ಹಿಮ ಬೀಳತೊಡಗಿದರೆ ಮೀನಿನ ಹುಚ್ಚು ಹತ್ತಿದ ಎಷ್ಟೋ ಜನ ಬೇಸ್‌ಮೆಂಟ್ ಸೇರುತ್ತಾರೆ. ವಸಂತದ ಟ್ರೌಟ್ ಮೀನಿನ ಬೇಟೆಗೆ ತಮ್ಮ ಗಾಳದ ಕೋಲನ್ನು ತಾವೇ ಕಟ್ಟುವ ಕಾಲ ಅದು. ಇಲ್ಲಿನ ಆಸೇಬಲ್ ನದಿ ಟ್ರೌಟ್‌ಗೆ ಹೆಸರುವಾಸಿ. ಈ ಮೀನನ್ನೂ ಅದರ ನದಿಗಳನ್ನೂ ಕಾಯುವ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆ 1959ರಲ್ಲಿ ಹುಟ್ಟಿದ್ದೇ ಅದರ ದಡದಲ್ಲಿ. ಈ ಚಳಿಗಾಲ ನಾನೂ ಒಂದು ಗ್ರಾಫೈಟ್ (ಕಾರ್ಬನ್ ನಾರಿನ) ಕೋಲು ಕಟ್ಟಿದೆ. ಗಾಳದ ದಾರ ಹಾಯುವ ಗೈಡ್ ರಿಂಗುಗಳನ್ನು ಕೋಲಿಗೆ ನೂಲಿನಂಥ ದಾರ ಸುತ್ತಿ ಕೂರಿಸಲು ತಾಳ್ಮೆ ಇದ್ದರೆ ಸಾಕು. ಆ ಸುತ್ತಿದ ದಾರದ ಮೇಲೆ ಫಿನಿಶ್, ಅಂದರೆ ಕಾಪಾಡುವ ಲೇಪ, ಬಳಿಯುವುದು ಮಾತ್ರ ಬೇರೆಯೇ ವಿದ್ಯೆ.

ಇಲ್ಲಿ ಹೆಚ್ಚಿನವರು ಬಳಸುವುದು ಎಪಾಕ್ಸಿ, ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು. ಎರಡು ಬಾಟಲಿ, ಒಂದರಲ್ಲಿ ರೆಸಿನ್, ಇನ್ನೊಂದರಲ್ಲಿ ಹಾರ್ಡನರ್. ಸಾಮಾನ್ಯವಾಗಿ ಎರಡೂ ಸಮಸಮ ಇರಬೇಕು. ಕಣ್ಣಂದಾಜು ನಡೆಯುವುದಿಲ್ಲ. ಅದಕ್ಕೆ ಬೇರೆ ಬೇರೆ ಸಿರಿಂಜ್. ಅಳತೆ ತಪ್ಪಿದರೆ ಎಷ್ಟು ದಿನ ಕಾದರೂ ಅಂಟಂಟು ಹೋಗುವುದಿಲ್ಲ. ಗುಳ್ಳೆ ಏಳದಂತೆ ನಿಧಾನವಾಗಿ ಕಲಸಿ, ಅಲ್ಯೂಮಿನಿಯಂ ಹಾಳೆಯ ಮೇಲೆ ಸುರಿದು ಹರಡುತ್ತಾರೆ. ಕಪ್ಪಿನಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಬೇಗ ಗಟ್ಟಿಯಾಗುತ್ತದೆ. ಬ್ರಷ್ಷಿನಿಂದ ಬಳಿದ ಮೇಲೆ ಕೋಲನ್ನು ಮೋಟಾರಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸುತ್ತಲೇ ಇರಬೇಕು. ನಿಂತರೆ ಕೆಳಗಡೆ ತೊಟ್ಟು ಇಳಿಯುತ್ತದೆ. ಉಳಿದ ಗುಳ್ಳೆಗೆ ಸ್ಪಿರಿಟ್ ದೀಪದ ಜ್ವಾಲೆಯನ್ನು ಕ್ಷಣಕಾಲ ಕೆಳಗೆ ಹಿಡಿದರೆ ಆಯಿತು, ಪಟಪಟ ಒಡೆಯುತ್ತವೆ. ಹಾಗೆಯೇ ರಿಂಗಿನ ಕಾಲಿನ (ಕೋಲಿಗೆ ಕೂರುವ ಭಾಗದ) ಎರಡೂ ಪಕ್ಕ ದಾರದಡಿ ಒಂದು ಸಣ್ಣ ಸಂದು ಇರುತ್ತದೆ. ಎಪಾಕ್ಸಿ ಅದರೊಳಗೆ ಇಳಿಯಲೇಬೇಕು. ಇಲ್ಲದಿದ್ದರೆ ನೀರು ಇಳಿಯುತ್ತದೆ.

ಕೋಲು ತಿರುಗುವುದನ್ನು ನೋಡುವಾಗ ಚನ್ನಪಟ್ಟಣದ ಗೊಂಬೆ ಕಡೆಯುವ ಚರಕಿ ನೆನಪಾಗದೆ ಇರುತ್ತದೆಯೇ? ಅಲ್ಲಿ ಆಲೆ ಮರದ ತುಂಡು ರಭಸವಾಗಿ ಸುತ್ತುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ತಾಳೆ ಎಲೆಯಿಂದ ಉಜ್ಜಿದರೆ ಹೊಳಪು. ಸಿರಿಂಜೂ ಇಲ್ಲ, ಒಂದು ದಿನದ ಕಾಯುವಿಕೆಯೂ ಇಲ್ಲ. ಎಷ್ಟು ಒತ್ತಬೇಕೆಂಬುದು ಕೈಗೆ ಗೊತ್ತು. ಹೊಸಬರಿಗೆ ಆ ಕೈ ಬರಲು ಕಾಲ ಬೇಕು. ಅಳೆದು ಮಾಡುವ ಪದ್ಧತಿಯ ದೊಡ್ಡ ಉಪಕಾರ ಇಲ್ಲೇ ಇದೆ. ಗುರು ಪಕ್ಕದಲ್ಲಿಲ್ಲದವನಿಗೂ ಮೊದಲ ಸಲಕ್ಕೇ ಒಂದು ಮಟ್ಟದ ಕೆಲಸ ಸಾಧ್ಯವಾಗುತ್ತದೆ. ಇದನ್ನು ನಾವು ಮನಸಾರೆ ಕಲಿಯಬೇಕು.

ಆದರೆ ಇಲ್ಲಿಯವರ ಒಂದು ಚಾಳಿ ನನಗೆ ಒಪ್ಪಿಗೆಯಿಲ್ಲ. ದಪ್ಪಗೆ, ಗಾಜಿನಂತೆ ಹೊಳೆಯುವ ಹಾಗೆ ಬಳಿಯುತ್ತಾರೆ. ಒಂದೇ ಸಲಕ್ಕೆ ಜನ್ಮಕ್ಕಾಗುವಷ್ಟು. ಅದರಿಂದ ತೂಕ ಜಾಸ್ತಿ, ತುದಿಯ ಬಳುಕು ಕಡಿಮೆ. ಮುಂದೆ ರಿಂಗ್ ಬದಲಿಸಬೇಕಾದರೆ ಬಿಸಿ ಮಾಡಿ ದಾರ ಸಮೇತ ಕೆತ್ತಿ ತೆಗೆಯಬೇಕು.

ನಮ್ಮ ಕರಾವಳಿಯ ಯೋಚನೆಯೇ ಬೇರೆ. ಮರದ ದೋಣಿಗೆ ಮೀನೆಣ್ಣೆ, ಗೇರು ಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಹಳೆಯ ರೂಢಿ. ಅದು ಸವೆಯುತ್ತದೆಂದು ಎಲ್ಲರಿಗೂ ಗೊತ್ತು. ಸವೆದಾಗ ಮತ್ತೆ ಬಳಿಯುತ್ತಾರೆ, ಆ ನೆಪದಲ್ಲಿ ದೋಣಿಯ ಬಿರುಕು, ಹುಳು ಎಲ್ಲ ಕಣ್ಣಿಗೆ ಬೀಳುತ್ತವೆ. ಬಳಕೆಯ ವಸ್ತುವಿಗೆ ಇದೇ ಸರಿಯಾದ ಮರ್ಯಾದೆ ಅನ್ನಿಸುತ್ತದೆ ನನಗೆ. (ಗೇರೆಣ್ಣೆ ಚರ್ಮ ಸುಡುತ್ತದೆ, ಎಪಾಕ್ಸಿಯಿಂದ ಅಲರ್ಜಿ ಬರಬಹುದು. ಎರಡಕ್ಕೂ ಕೈಗವಸು ಬೇಕೇ ಬೇಕು.)

ಅಮೆರಿಕದಲ್ಲೂ ಹೀಗೆ ಯೋಚಿಸುವವರು ಇದ್ದಾರೆ. ಚೀನಾದ ಟೊಂಕಿನ್ ಬಿದಿರನ್ನು ಸೀಳಿ, ಆರು ಪಟ್ಟಿ ಅಂಟಿಸಿ ಕೋಲು ಮಾಡುವ ಕುಶಲಿಗಳು ಈಗಲೂ ವಾರ್ನಿಶ್ ಬಿಟ್ಟಿಲ್ಲ. ತೆಳುವಾಗಿ ಒಂದು ಕೋಟ್, ಒಣಗಿದ ಮೇಲೆ ನಯವಾಗಿ ಉಜ್ಜಿ ಇನ್ನೊಂದು. ಗೀರು ಬಿದ್ದರೆ ಅಲ್ಲಿಗಷ್ಟೇ ಮತ್ತೆ ಬಳಿಯಬಹುದು.

ಗ್ರಾಫೈಟ್ ಕೋಲಿಗೆ ಎಪಾಕ್ಸಿಯೇ ಇರಲಿ, ರಿಂಗನ್ನು ಗಟ್ಟಿಯಾಗಿ ಹಿಡಿಯುತ್ತದೆ. ಮೊದಲ ಕೋಟ್ ದಾರ ನೆನೆಯುವಷ್ಟು ಸಾಕು. ಮಾರನೆಯ ದಿನ ಬೆರಳಿಗೆ ದಾರದ ಎಳೆ ತಟ್ಟಿದರೆ ಮಾತ್ರ ಎರಡನೆಯದು, ಅದೂ ತೆಳುವಾಗಿ. ತಣ್ಣಗಿನ ಬೇಸ್‌ಮೆಂಟಿನಲ್ಲಿ ಎಪಾಕ್ಸಿ ಮಂದವಾಗಿ ತಾನಾಗಿ ದಪ್ಪ ಕೂರುತ್ತದೆ, ಹಾಗಾಗಿ ಹೀಟರ್ ಹಾಕಿ ಕೋಣೆ ಬೆಚ್ಚಗಾದ ಮೇಲೆಯೇ ಬಾಟಲಿ ತೆರೆಯಿರಿ.