ಹಣ 60 ದಿನ ಮೊದಲು, ಬರ್ತ್ ಸಂಖ್ಯೆ ಹೊರಡುವ ದಿನ

ಅವ್ವನನ್ನು ರಾಯಚೂರಿನಿಂದ ಪುಣೆಯ ಅಕ್ಕನ ಮನೆಗೆ ರೈಲಿನಲ್ಲಿ ಕರೆದುಕೊಂಡು ಹೋಗಿ ಬಂದು ಹದಿನೈದು ದಿನಗಳಾದರೂ ನನ್ನ ಸಿಟ್ಟು ಇಳಿದಿಲ್ಲ. ಅವ್ವನಿಗೆ 74 ವರ್ಷ. ಎರಡೂ ಮೊಣಕಾಲುಗಳಿಗೆ ಶಸ್ತ್ರಚಿಕಿತ್ಸೆಯಾಗಿದೆ. ಕೋಲು ಹಿಡಿದು ನಿಧಾನವಾಗಿ ನಡೆಯುತ್ತಾಳೆ, ಆದರೆ ಏಣಿ ಹತ್ತಲಾರಳು, ಓಡುವ ಮಾತಂತೂ ಇಲ್ಲವೇ ಇಲ್ಲ. ಇಷ್ಟು ವರ್ಷ ಸ್ಲೀಪರಿನಲ್ಲೇ ತಿರುಗಾಡಿದ ಜೀವಕ್ಕೆ ಈ ಒಂದು ಸಲವಾದರೂ ಅಗಲವಾದ ಬರ್ತು, ಮುಚ್ಚಿಕೊಳ್ಳಬಹುದಾದ ಬಾಗಿಲು ಸಿಗಲಿ ಎಂದು ಎ.ಸಿ. ಫಸ್ಟ್ ಕ್ಲಾಸಿನಲ್ಲಿ ಎರಡು ಟಿಕೆಟ್ ಮಾಡಿಸಿದೆ. ಅದಕ್ಕಾಗಿ ಎರಡು ತಿಂಗಳು ಮನೆಯ ಬೇರೆ ಖರ್ಚುಗಳನ್ನು ಮುಂದಕ್ಕೆ ಹಾಕಿದ್ದೆವು.

2024ರ ನವೆಂಬರಿನಿಂದ ಮುಂಗಡ ಬುಕಿಂಗ್ 60 ದಿನಗಳಿಗೆ ಇಳಿದಿದೆ. ಬುಕಿಂಗ್ ತೆರೆದ ದಿನವೇ ಬೆಳಿಗ್ಗೆ ಕುಳಿತು ಹಣ ಕಟ್ಟಿದೆ. ಟಿಕೆಟ್ ಖಚಿತವಾಗಿದೆ ಎಂದು ಬಂತು, ಆದರೆ ಬರ್ತಿನ ಸಂಖ್ಯೆ ಬರಲಿಲ್ಲ. ಫಸ್ಟ್ ಕ್ಲಾಸಿನಲ್ಲಿ ಅದು ಚಾರ್ಟ್, ಅಂದರೆ ಯಾರಿಗೆ ಯಾವ ಬರ್ತು ಎಂಬ ಕೊನೆಯ ಪಟ್ಟಿ, ಆಗುವವರೆಗೆ ಬರುವುದೇ ಇಲ್ಲ ಎಂಬುದು ನನಗೆ ಅಂದೇ ತಿಳಿದದ್ದು. ಸ್ಲೀಪರಿನಲ್ಲಿ ಟಿಕೆಟ್ ತೆಗೆದವನಿಗೆ ಎಸ್-4ರಲ್ಲಿ 33 ಎಂದು ಆ ಕ್ಷಣವೇ ಸಿಗುತ್ತದೆ, ಅದು ಕೆಳಗಿನ ಬರ್ತು ಎಂದು ನಮ್ಮ ಓಣಿಯ ಹುಡುಗರೂ ಎಣಿಸಿ ಹೇಳುತ್ತಾರೆ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿಗೆ ಟಿಕೆಟ್ ಮಾಡಿದರೂ ಆಸನಗಳ ಚಿತ್ರ ತೆರೆದುಕೊಂಡು, ಯಾವುದು ಬೇಕೋ ಅದನ್ನು ಮುಟ್ಟಿ ಆರಿಸಿಕೊಳ್ಳಬಹುದು. ಇಡೀ ರೈಲಿನಲ್ಲಿ ಎಲ್ಲರಿಗಿಂತ ಹೆಚ್ಚು ಹಣ ತೆತ್ತವನಿಗೆ ಮಾತ್ರ ತಾನು ಎಲ್ಲಿ ಮಲಗುತ್ತೇನೆ ಎಂಬುದು ಹೊರಡುವ ದಿನದವರೆಗೆ ಗೊತ್ತಾಗಬಾರದು ಎನ್ನುವುದು ಯಾವ ನ್ಯಾಯ?

ಇದಕ್ಕೆ ಕೊಡುವ ಸಮರ್ಥನೆಯನ್ನು ನಾನು ಬಲ್ಲೆ. ಈಗಿನ ಎಲ್‌.ಎಚ್‌.ಬಿ. ಮಾದರಿಯ ಫಸ್ಟ್ ಕ್ಲಾಸ್ ಬೋಗಿಯಲ್ಲಿ ಇರುವುದೇ 24 ಬರ್ತು. ನಾಲ್ವರ ಕ್ಯಾಬಿನ್, ಇಬ್ಬರ ಕೂಪೆ ಎಂದು ಅವು ಹಂಚಿಹೋಗಿವೆ. ಗಂಡ ಹೆಂಡತಿ, ಮಕ್ಕಳಿರುವ ಸಂಸಾರ, ಒಂಟಿಯಾಗಿ ಹೊರಟ ಹೆಣ್ಣುಮಗಳು, ಎಲ್ಲರನ್ನೂ ನೋಡಿಕೊಂಡು ಕೊನೆಯಲ್ಲಿ ಹಂಚಬೇಕು ಎನ್ನುತ್ತಾರೆ. ಒಪ್ಪುತ್ತೇನೆ. ಆದರೆ ಸಂಸದರು, ದೊಡ್ಡ ಅಧಿಕಾರಿಗಳ ಪತ್ರಗಳ ಮೇಲೆ ಕೊಡುವ ತುರ್ತು ಕೋಟಾ ಕೂಡ ಚಾರ್ಟಿಗೆ ಮುಂಚೆಯೇ ತೀರ್ಮಾನವಾಗುತ್ತದೆಯಲ್ಲವೆ? ಎಲ್ಲರನ್ನೂ ನೋಡಿಕೊಂಡು ಹಂಚುವುದೇ ನಿಜವಾಗಿದ್ದರೆ, ಒಂದೇ ಪಿ.ಎನ್‌.ಆರ್‌.ನಲ್ಲಿ ಇದ್ದ 74 ವರ್ಷದ ತಾಯಿ ಮತ್ತು ಮಗನನ್ನು ಬೇರೆ ಬೇರೆ ಕಡೆ ಹಾಕಿದ್ದೇಕೆ?

ಹೌದು, ಹಾಗೆಯೇ ಹಾಕಿದರು. ನಾಲ್ಕು ಗಂಟೆ ಮುಂಚೆ ಆಗುತ್ತಿದ್ದ ಚಾರ್ಟನ್ನು 2025ರ ಜುಲೈನಲ್ಲಿ ಎಂಟು ಗಂಟೆಗೆ, ಆಮೇಲೆ ಡಿಸೆಂಬರಿನಲ್ಲಿ ಹತ್ತು ಗಂಟೆಗೆ ಹಿಂದೂಡಿದರೆಂದು ಓದಿದ್ದರಿಂದ ಅಂದು ಮುಂಜಾನೆಯಿಂದ ಮೊಬೈಲನ್ನು ಕೈಯಿಂದ ಕೆಳಗಿಡಲಿಲ್ಲ. ಸಂದೇಶ ಬಂದಾಗ ನೋಡಿದರೆ ಅವ್ವನಿಗೆ ನಾಲ್ವರ ಕ್ಯಾಬಿನ್ನಿನಲ್ಲಿ ಮೇಲಿನ ಬರ್ತು, ನನಗೆ ಯಾರೋ ಒಬ್ಬರ ಜೊತೆ ಕೂಪೆಯಲ್ಲಿ ಕೆಳಗಿನ ಬರ್ತು! ಟಿಕೆಟಿನ ಮೇಲೆ ಅವಳ ವಯಸ್ಸು ಅಚ್ಚಾಗಿದೆ. ಹಿರಿಯರಿಗೆಂದು ಮೀಸಲಿಡುವ ಕೆಳಗಿನ ಬರ್ತುಗಳ ಕೋಟಾ ಸ್ಲೀಪರಿನಲ್ಲಿದೆ, ತ್ರೀ ಟಯರಿನಲ್ಲಿದೆ, ಟೂ ಟಯರಿನಲ್ಲಿದೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ, ಗರ್ಭಿಣಿಯರಿಗೆ ಅದು ಸಿಗುತ್ತದೆ. ಎಲ್ಲರಿಗಿಂತ ಮೇಲಿನ ತರಗತಿಯಲ್ಲಿ ಮುದುಕಿಯ ಮೊಣಕಾಲಿಗೆ ಆ ರಕ್ಷಣೆಯೂ ಇಲ್ಲ. ಹಿರಿಯ ನಾಗರಿಕರ ದರ ರಿಯಾಯಿತಿಯನ್ನು 2020ರ ಮಾರ್ಚಿನಲ್ಲೇ ನಿಲ್ಲಿಸಿದ್ದಾರೆ. ಅದರ ಬಗ್ಗೆ ನಾನು ತಕರಾರು ತೆಗೆದವನಲ್ಲ. ಪೂರ್ತಿ ಹಣ ಕೊಡುತ್ತೇನೆ, ಮಲಗಲು ಆಗುವಂಥ ಜಾಗ ಕೊಡಿ ಎನ್ನುವುದು ದೊಡ್ಡ ಬೇಡಿಕೆಯೆ?

ಬರ್ತಿನ ಕಥೆ ಇಷ್ಟಾದರೆ ಬೋಗಿಯ ಕಥೆ ಇನ್ನೂ ಕೆಟ್ಟದ್ದು. ನಿಲ್ದಾಣದ ಫಲಕ ನಮ್ಮ ಫಸ್ಟ್ ಕ್ಲಾಸಿನ ಎಚ್-1 ಬೋಗಿ ಎಂಜಿನ್ನಿನ ಕಡೆಗೆ ಬರುತ್ತದೆ ಎಂದು ತೋರಿಸುತ್ತಿತ್ತು. ಅದನ್ನು ನಂಬಿ ಅವ್ವನನ್ನು ನಡೆಸಿಕೊಂಡು, ನೆರಳಿನ ಶೀಟು ಮುಗಿದು ಬಯಲು ಶುರುವಾಗುವ ಜಾಗಕ್ಕೆ ಹೋದೆ. ನಮ್ಮ ಕಡೆಯ ಬೇಸಿಗೆ ಗೊತ್ತಿದ್ದವರಿಗೆ ಆ ಕಲ್ಲುಹಾಸು ಹೇಗೆ ಕಾದಿರುತ್ತದೆ ಎಂದು ಹೇಳಬೇಕಾಗಿಲ್ಲ. ಒಂದು ಕಲ್ಲುಬೆಂಚೂ ಇಲ್ಲದ ಕಡೆ ಮುಕ್ಕಾಲು ಗಂಟೆ ಚೀಲದ ಮೇಲೆ ಕುಳಿತಿದ್ದಳು. ರೈಲು ಬಂತು, ಎಂಜಿನ್ ದಾಟಿತು, ಅದರ ಹಿಂದೆ ಜನರಲ್ ಬೋಗಿ, ಆಮೇಲೆ ಸ್ಲೀಪರ್, ಮತ್ತೆ ಸ್ಲೀಪರ್. ಎ.ಸಿ. ಬೋಗಿಗಳೆಲ್ಲ ಹಿಂದಿನ ತುದಿಗೆ ಇದ್ದವು. ಒಂದು ಬೋಗಿ ಸುಮಾರು 24 ಮೀಟರ್ ಉದ್ದ. 22 ಬೋಗಿಯ ರೈಲೆಂದರೆ ಅರ್ಧ ಕಿಲೋಮೀಟರಿಗೂ ಹೆಚ್ಚು. ರೈಲು ನಿಲ್ಲುವುದು ಎರಡೇ ನಿಮಿಷ.

“ನನ್ನ ಕೈಲಿ ಓಡಾಕ ಆಗಂಗಿಲ್ಲಪ್ಪ, ನೀ ಹತ್ತು, ನಾ ಇಲ್ಲೇ ಕುಂದರ್ತೀನಿ” ಎಂದಳು ಅವ್ವ. ಆ ಮಾತು ಈಗಲೂ ಕಿವಿಯಲ್ಲಿದೆ.

ಎದುರಿಗಿದ್ದ ಸ್ಲೀಪರ್ ಬೋಗಿಗೆ ಅವಳನ್ನು ಹತ್ತಿಸಿದೆವು. ನಾನು ಕೆಳಗಿನಿಂದ, ಒಳಗಿದ್ದ ಇಬ್ಬರು ಹುಡುಗರು ಮೇಲಿನಿಂದ. ಆ ಹುಡುಗರು ಯಾರೋ ಎತ್ತಲೋ, ಅವರ ಹೊಟ್ಟೆ ತಣ್ಣಗಿರಲಿ. ಅಲ್ಲಿಂದ ಓಡುವ ರೈಲಿನೊಳಗೆ, ದಾರಿಯಲ್ಲಿ ಕುಳಿತವರನ್ನು ದಾಟುತ್ತ, ಬೋಗಿ ಬೋಗಿಯ ನಡುವಿನ ಅಲುಗಾಡುವ ತಗಡಿನ ಮೇಲೆ ಅವಳ ಕೈ ಹಿಡಿದು ಒಂದೊಂದೇ ಹೆಜ್ಜೆ ಇಡಿಸುತ್ತ ಎಚ್-1 ಮುಟ್ಟಲು ಒಂದು ಗಂಟೆಗೂ ಮೇಲೆ ಬೇಕಾಯಿತು. ಕ್ಯಾಬಿನ್ನಿನಲ್ಲಿದ್ದ ಗೃಹಸ್ಥರೊಬ್ಬರು ಅವಳ ಮುಖ ನೋಡಿ ತಾವೇ ಎದ್ದು ಕೆಳಗಿನ ಬರ್ತು ಬಿಟ್ಟುಕೊಟ್ಟರು. ಟಿ.ಟಿ.ಇ. ಕೂಡ ಸಮಾಧಾನದಿಂದಲೇ ಮಾತಾಡಿದರು, ಆದರೆ ಚಾರ್ಟಿನಲ್ಲಿ ಬಂದಿದ್ದನ್ನು ತಾವೇನು ಮಾಡಲು ಸಾಧ್ಯ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಯಾವ ಬೋಗಿಯ ಹಿಂದೆ ಯಾವುದು ಜೋಡಣೆಯಾಗಿದೆ ಎಂಬುದು ರೈಲು ಹೊರಡುವ ಮೊದಲೇ ನಿಶ್ಚಯವಾಗಿರುತ್ತದೆ. ನಡುವೆ ಯಾವುದಾದರೂ ಜಂಕ್ಷನ್ನಿನಲ್ಲಿ ಎಂಜಿನ್ ಇನ್ನೊಂದು ತುದಿಗೆ ಬಂದರೆ ಕ್ರಮ ತಿರುಗುಮುರುಗಾಗುತ್ತದೆ, ಅದೂ ವೇಳಾಪಟ್ಟಿಯಲ್ಲಿರುವ ಸಂಗತಿಯೇ. ಹಿಂದಿನ ನಿಲ್ದಾಣ ಬಿಟ್ಟ ರೈಲನ್ನು ಕಣ್ಣಾರೆ ಕಂಡ ನೌಕರರು ಒಂದು ಫೋನ್ ಮಾಡಿದ್ದರೆ ಫಲಕವನ್ನು ತಿದ್ದಬಹುದಿತ್ತು. ಧ್ವನಿವರ್ಧಕದಲ್ಲಿ ಒಂದೇ ಒಂದು ಮಾತು ಹೇಳಿದ್ದರೂ ಸಾಕಿತ್ತು. ಮುಕ್ಕಾಲು ಗಂಟೆ ಯಾರೂ ಹೇಳಲಿಲ್ಲ.

ಮರಳಿ ಬರುವಾಗ ಟೂ ಟಯರಿನಲ್ಲಿ ಟಿಕೆಟ್ ಮಾಡಿದೆ. ಹಣ ಕಟ್ಟಿದ ಕೂಡಲೇ ಎ-1ರಲ್ಲಿ 19 ಮತ್ತು 20 ಎಂದು ಬಂತು. ಕೆಳಗಿನದು ಅವಳಿಗೆ, ಅದರ ಮೇಲಿನದು ನನಗೆ. ಅವ್ವ ಆ ಎರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಹೊರಡುವ ದಿನದವರೆಗೂ ತನ್ನ ಸಂಚಿಯಲ್ಲಿ ಇಟ್ಟುಕೊಂಡಿದ್ದಳು.