ಅರ್ಧ ಇಂಚಿನ ಎಲ್ಬೋಗೂ ಬಿಲ್

ಶ್ರದ್ಧಾಂಜಲಿ ಸಭೆ ಅಂದ್ರೆ ನಂಗೆ ಭಯ, ಮೈಕ್ ಹಿಡ್ಕೊಂಡವರ ಭಯ. ನಮ್ಮೂರ ಹಾರ್ಡ್‌ವೇರ್ ಸಾವ್ಕಾರ್ರ ಸಭೆಗೆ ಮಾತ್ರ ಹೋಗ್ದೇ ಇರೋಕಾಗ್ಲಿಲ್ಲ. ಮೊದಲನೇ ಭಾಷಣದವ್ರು "ನಾನೂ ಅವರೂ" ಅಂತ ಒಂದೇ ಬಸ್ ಹತ್ತಿದ್ರು, ಮೂರನೇ ನಿಮಿಷಕ್ಕೆ "ಅವರು" ಇಳಿದುಹೋದ್ರು, "ನಾನು" ಮಾತ್ರ ಲಾಸ್ಟ್ ಸ್ಟಾಪ್ ತನಕ ಹೋಯ್ತು. ಆಮೇಲೆ ಬಂದವರದ್ದೆಲ್ಲಾ ಅದೇ ರಾಗ, ಕೊಡುಗೈ ದಾನಿ, ಅಜಾತಶತ್ರು, ತುಂಬಲಾರದ ನಷ್ಟ.

ಅಜಾತಶತ್ರು ಅಂತೆ! ಅವರ ಶತ್ರುಗಳಲ್ಲಿ ಅರ್ಧ ಜನ ಅವತ್ತು ಮುಂದಿನ ಸಾಲಲ್ಲೇ ಕೂತಿದ್ರು. ಇನ್ನು ಕೊಡುಗೈ ವಿಷಯ ಎತ್ತಲೇಬೇಡಿ. ಮೊಳೆ ತೂಕ ಹಾಕಿದ್ರೆ ತಕ್ಕಡಿ ತೂಗಾಡೋದು ನಿಲ್ಲೋ ತನಕ ಕಾದು, ಒಂದು ಮೊಳೆ ವಾಪಸ್ ಡಬ್ಬಕ್ಕೆ ಹಾಕೋ ಜಾತಿ ಅದು. ಅರ್ಧ ಇಂಚಿನ ಎಲ್ಬೋ, ಅದೇ ಪೈಪ್ ತಿರುಗಿಸೋ ಮೂಲೆ ತುಂಡು, ಒಂದು ತಗೊಂಡ್ರೂ ಕಾರ್ಬನ್ ಹಾಳೆ ಇಟ್ಟು ಒತ್ತಿ ಒತ್ತಿ ಬಿಲ್ ಬರೆದು ಕೊಡೋರು. ಪೈಪಿಗೆ ಸುತ್ತೋ ಟೆಫ್ಲಾನ್ ಟೇಪ್ ಒಂದು ಫ್ರೀ ಕೊಡಿ ಸಾವ್ಕಾರ್ರೇ ಅಂದ್ರೆ ಕನ್ನಡಕದ ಮೇಲಿಂದ ನೋಡಿ "ಕಂಪ್ನಿಯೋನು ನಂಗೇನು ಫ್ರೀ ಕೊಡ್ತಾನಾ?" ಅನ್ನೋರು.

ಆದ್ರೆ ಅಂಗಿ ಮೇಲೆ ಸದಾ ಸಮಾಜಸೇವೆ ಮಾಡೋ ರೋಟರಿ ಕ್ಲಬ್ಬಿನ ಚಕ್ರದ ಪಿನ್. ಕ್ಲಬ್ಬಲ್ಲಿ ಪ್ರತಿ ಜುಲೈ 1ಕ್ಕೆ ಅಧ್ಯಕ್ಷರು ಬದಲಾಗ್ತಾರೆ, ಹಾಗಾಗಿ ಊರು ತುಂಬಾ ಮಾಜಿ ಅಧ್ಯಕ್ಷರೇ. ಒಂದು ವರ್ಷ ಕುರ್ಚಿ, ಸಾಯೋ ತನಕ ಹೆಸರಿನ ಹಿಂದೆ ಬಾಲ, ಮದುವೆ ಕಾರ್ಡಲ್ಲೂ ಹಾಕಿಸ್ಕೋತಾರೆ ಮಹಾನುಭಾವರು. ಸಾವ್ಕಾರ್ರೂ ಹಾಕಿಸ್ಕೊಂಡಿದ್ರು, ಸುಳ್ಳ್ಯಾಕೆ ಹೇಳ್ಲಿ.

ಅಂಗಡೀಲಿ ಗಿರಾಕಿ ಕಡಿಮೆ ಇದ್ದಾಗ ಅವರು ಹೇಳೋ ಕಥೆ ಒಂದೇ, ಶಿಕಾಗೋ ಕಥೆ. 1905ರ ಫೆಬ್ರವರಿ 23ಕ್ಕೆ ಪಾಲ್ ಹ್ಯಾರಿಸ್ ಅನ್ನೋ ವಕೀಲ, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಟೈಲರ್, ನಾಲ್ಕು ಜನ ಕೂತು ಶುರು ಮಾಡಿದ್ದು ರೋಟರಿ. ಸಮಾಜಸೇವೆ ಎಲ್ಲಾ ಆಮೇಲೆ ಬಂದಿದ್ದು, ಮೊದಲಿಗೆ ಸ್ನೇಹ, ಒಬ್ಬರಿಗೊಬ್ಬರು ವ್ಯಾಪಾರ, ಅಷ್ಟೇ. ಒಂದು ಕಸುಬಿಗೆ ಒಬ್ಬನೇ ಮೆಂಬರ್ ಅಂತ ರೂಲ್ ಬೇರೆ. ಈ ರೂಲ್ ಯಾವತ್ತೋ ಸಡಿಲ ಆಗಿದೆ, ಆದ್ರೆ ಎದುರು ರಸ್ತೆಯ ಹಾರ್ಡ್‌ವೇರ್‌ನವನು ಕ್ಲಬ್ಬಿಗೆ ಸೇರ್ತೀನಿ ಅಂದಾಗ ನಮ್ಮ ಸಾವ್ಕಾರ್ರಿಗೆ ಅದು ನಿನ್ನೆ ಮಾಡಿದ ಕಾನೂನಿನ ಥರ ನೆನಪಾಗಿತ್ತು.

ಕಥೆಯ ರಸ ಇರೋದು ಮುಂದೆ. ಆ ಕ್ಲಬ್ಬು ಊರಿಗೆ ಅಂತ ಮೊಟ್ಟಮೊದಲು ಮಾಡಿದ ಕೆಲಸ ಏನು ಹೇಳಿ? ಸಾರ್ವಜನಿಕ ಶೌಚಾಲಯ! 1907ರಲ್ಲಿ ಬೆನ್ನು ಹತ್ತಿದ್ರು, 1909ಕ್ಕೆ ಸಿಟಿ ಹಾಲ್ ಹತ್ರ ಆಯ್ತು. ಅಡ್ಡಗಾಲು ಹಾಕಿದ್ದು ಬಿಯರ್ ತಯಾರಕರ ಸಂಘ, ಊರಲ್ಲಿ 6000 ಸಲೂನ್ ಅಂದ್ರೆ ಬಾರು ಇದೆಯಲ್ಲ, ಗಂಡಸರಿಗೆ ಅಲ್ಲೇ ಸೌಲಭ್ಯ ಇದೆ ಅಂತ. ಜೊತೆಗೆ ದೊಡ್ಡ ಅಂಗಡಿಗಳೋರು, ಹೆಂಗಸರು ನಮ್ಮಲ್ಲೇ ಬರ್ಲಿ ಅಂತ. ಇಲ್ಲಿಗೆ ಬಂದಾಗ ಸಾವ್ಕಾರ್ರು ಗಲ್ಲಾಪೆಟ್ಟಿಗೆ ಮೇಲೆ ಗುದ್ದಿ, "ಒಳಗ್ ಹೋದೋನು ಒಂದ್ ಬಿಯರ್ ಕುಡೀದೆ ಹೊರಗ್ ಬರ್ತಾನೇನ್ರೀ, ಬಿಸಿನೆಸ್ಸು!" ಅಂತ ನಗೋರು. ಆ ನಗೂಲಿ ಸ್ವಲ್ಪ ಮೆಚ್ಚುಗೆ ಕೂಡ ಇರ್ತಿತ್ತು ಅಂತ ನನ್ನ ಗುಮಾನಿ.

ನಮ್ಮೂರ ಬಸ್ ಸ್ಟ್ಯಾಂಡಲ್ಲಿ ಶೌಚಾಲಯ ಕಟ್ಟಿಸ್ತೀನಿ ಅಂತ ಅವರು ಹೊರಟಾಗ ಬಿಯರ್‌ನವ್ರು ಬರ್ಲಿಲ್ಲ, ಪಕ್ಕದ ಅಂಗಡಿಗಳೋರು ಬಂದ್ರು, ವಾಸ್ನೆ ಬರತ್ತೆ ಅಂತ. ಆಗ್ಲೇ ಆ ಗೋಡೆ ಪಕ್ಕ ಮೂಗು ಮುಚ್ಕೊಂಡೇ ಓಡಾಡ್ಬೇಕಿತ್ತು, ಅದು ಬೇರೆ ಮಾತು. ಕ್ಲಬ್ಬಲ್ಲೂ ವಿರೋಧ, ಆಸ್ಪತ್ರೇಲಿ ಹಣ್ಣು ಹಂಚೋಣ, ಫೋಟೋ ಚೆನ್ನಾಗ್ ಬರತ್ತೆ ಅಂತ. ನೋಡಿದೀರಲ್ಲ ಆ ಫೋಟೋಗಳ್ನ, ಒಂದು ಸೇಬು, ಎಂಟು ಕೈ, ಹಾಸಿಗೇಲಿ ಮಲಗಿರೋ ರೋಗಿ ಮಾತ್ರ ಕಾಣಲ್ಲ. ಸಾವ್ಕಾರ್ರು ಜಗಳ ಆಡೀ ಆಡೀ ಕಟ್ಟಿಸಿದ್ರು. ಪೈಪು, ಕಮೋಡು ಎಲ್ಲಾ ತಮ್ಮ ಅಂಗಡಿಯಿಂದ್ಲೇ, ಅಸಲು ಬೆಲೆಗೆ, ಬಿಲ್ ಸಮೇತ.

ಕಟ್ಟಿಸಿ ಸುಮ್ನಾದ್ರಾ, ಇಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋಕೆ ಮುಂಚೆ ಅಲ್ಲಿಗೆ ಹೋಗಿ, ಪಂಚೆ ಎತ್ತಿ ಕಟ್ಟಿ, ಆ ವಯಸ್ಸಲ್ಲಿ ಏಣಿ ಹತ್ತಿ ಟ್ಯಾಂಕಿನ ಮುಚ್ಚಳ ಸರಿಸಿ, ತೋಳು ಮುಳುಗಿಸಿ, ಟ್ಯಾಂಕ್ ತುಂಬಿದ್ಮೇಲೆ ನೀರು ನಿಲ್ಲಿಸೋ ಬಾಲ್ ವಾಲ್ವ್ ಎತ್ತಿ ಇಳಿಸಿ ನೋಡೋರು. ತೊಟ್ಟಿಕ್ತಿದ್ರೆ ಜೇಬಿಂದ ವಾಷರ್ ತೆಗೆದು ಹಾಕಿ, ಒದ್ದೆ ಕೈಲೇ ಚೀಟಿ ಬರ್ಕೊಳ್ಳೋರು, "ವಾಷರ್ 1". ವಾರದ ಮೀಟಿಂಗಲ್ಲಿ ಆ ಚೀಟಿ ಖಜಾಂಚಿ ಮುಂದೆ. ಒಂದು ವಾಷರಿಗೆ ಅರ್ಧ ಗಂಟೆ ಚರ್ಚೆ. ಅದೇ ಖಜಾಂಚಿ ಶ್ರದ್ಧಾಂಜಲಿ ಸಭೇಲಿ ಗಳಗಳ ಅತ್ತಿದ್ದು ನೋಡಿ ನಂಗೆ ಮೈ ಉರೀತು.

ಪೋಲಿಯೋ ಭಾನುವಾರಗಳ ಬಗ್ಗೆ ಒಬ್ರಾದ್ರೂ ಹೇಳ್ಲಿಲ್ಲ. ಅದೇ ಬಸ್ ಸ್ಟ್ಯಾಂಡಲ್ಲಿ ಮೇಜು ಹಾಕ್ಕೊಂಡು, ಹೊರಟ ಬಸ್ಸಿಗೆ ಅಡ್ಡ ನಿಂತು ಮಕ್ಕಳ ಕಿರುಬೆರಳು ನೋಡೋರು, ಶಾಯಿ ಗುರುತು ಇಲ್ದಿದ್ರೆ ಇಳಿಸಿ ಹನಿ ಹಾಕ್ಸೋರು, ಕಂಡಕ್ಟರ್ ಬೈದ್ರೆ ವಾಪಸ್ ಬೈಯ್ಯೋರು. ದೇಶದ ಕೊನೇ ಕೇಸು 2011ರ ಜನವರಿಯಲ್ಲಿ ಹೌರಾದಲ್ಲಿ ಸಿಕ್ಕಿದ್ದು, 2014ರ ಮಾರ್ಚ್ 27ಕ್ಕೆ ಪೋಲಿಯೋ ಮುಕ್ತ ಅಂತ ಸರ್ಟಿಫಿಕೇಟ್ ಬಂತು. ಅದರ ಮುಂದಿನ ಸುತ್ತಿನ ಭಾನುವಾರವೂ ಸಾವ್ಕಾರ್ರು ಮೇಜು ಹಾಕಿದ್ರು.

ಈಗ ಅಂಗಡೀಲಿ ಮಗ ಇದ್ದಾನೆ. ಒಳ್ಳೇ ಹುಡುಗ, ಚಿಲ್ಲರೆ ಬಿಟ್ಬಿಡ್ತಾನೆ, ಟೇಪ್ ಕೇಳಿದ್ರೆ ಫ್ರೀ ಕೊಡ್ತಾನೆ. ಬಾಲ್ ವಾಲ್ವ್ ಕೊಡಪ್ಪಾ ಅಂದಿದ್ದಕ್ಕೆ ಮೊಬೈಲಿಂದ ತಲೆ ಎತ್ತದೆ ಹೊಸದೊಂದು ತೆಗೆದಿಟ್ಟ. ಅವರಪ್ಪ ಆಗಿದ್ರೆ "ಹಳೇದು ತಗೊಂಬನ್ನಿ, ವಾಷರಲ್ಲೇ ಹೋಗತ್ತೆ ನೋಡೋಣ" ಅಂತ ಮನೆಗೆ ಓಡಿಸೋರು, ನಾನು ಗೊಣಗ್ತಾ ಹೋಗ್ತಿದ್ದೆ.

ಶೌಚಾಲಯಕ್ಕೆ ಸಾವ್ಕಾರ್ರ ಹೆಸರಿಡ್ಬೇಕು ಅಂತ ಕ್ಲಬ್ಬಲ್ಲಿ ಯಾರೋ ಎತ್ತಿದಾರೆ. ಮನೆಯವರಿಗೆ ಮುಜುಗರ, ಸರ್ಕಲ್ಲಿಗೆ ಇಡಿ ಅಂತಾರೆ. ಸರ್ಕಲ್ಲಿಗೆ ಆಗ್ಲೇ ಇಬ್ಬರ ಹೆಸರಿದೆ, ಮೂರನೆಯವರ ಬೋರ್ಡಿಗೆ ಕಂಬದಲ್ಲಿ ಜಾಗ ಇಲ್ಲ. ನಂಗೇನೋ ಶೌಚಾಲಯವೇ ಸರಿ ಅನ್ಸತ್ತೆ, ಆದ್ರೆ ನಾನು ಮೆಂಬರ್ ಅಲ್ವಲ್ಲ, ನನ್ ಮಾತ್ ಯಾರ್ ಕೇಳ್ತಾರೆ. ಬೋರ್ಡಿನ ಖರ್ಚು ಯಾರ ತಲೆ ಮೇಲೆ ಅನ್ನೋದೂ ಇನ್ನೂ ಇತ್ಯರ್ಥ ಆಗಿಲ್ಲ, ಮಂಗಳವಾರ ಮೀಟಿಂಗ್ ಕರೆದಿದಾರಂತೆ.